ಲೆಕ್ಕ ನಮ್ಮದು, ಕೀಲಿ ಪರರದು

ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ 1951–52ರಲ್ಲಿ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಪರಿಶೀಲನೆಯ ವರದಿಯು 1961ರಲ್ಲಿ ಗ್ರಂಥವಾಗಿ ಹೊರಬಂದಿತು. ಅದಿರುವ ಪುಸ್ತಕಭಂಡಾರದಲ್ಲಿ ಕೇಳಿದರೆ ಸಾಕು, ಕೋಷ್ಟಕಗಳು ಕೈಗೆ ಬರುವುವು.

ಈಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸಂಗತಿಯೇ ಬೇರೆ. 2019–21ರ ಐದನೆಯ ಸುತ್ತಿನಲ್ಲಿ 6,36,699 ಮನೆಗಳವರು ಸಮೀಕ್ಷಕರಿಗೆ ಉತ್ತರವಿತ್ತರು. ಸ್ತ್ರೀಯರು ಬೆರಳು ಚುಚ್ಚಿಸಿಕೊಂಡು ರಕ್ತದ ಹನಿಯನ್ನೂ ಕೊಟ್ಟರು. 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ರಕ್ತಹೀನತೆಯು ಹಿಂದಿನ ಸುತ್ತಿನ ಶೇಕಡಾ 53ರಿಂದ 57ಕ್ಕೆ ಏರಿರುವುದು ಕಂಡುಬಂದಿತು. ಏಕೆ ಏರಿತು? ಇದನ್ನು ಶೋಧಿಸುವವನಿಗೆ ಅಚ್ಚಾದ ವರದಿ ಸಾಲದು. ಮನೆಮನೆಯ ಮೂಲ ಅಂಕಿಗಳೇ ಬೇಕು. ನಮ್ಮ ವಿದ್ಯಾರ್ಥಿಗಳು ಅವುಗಳಿಗಾಗಿ ಅಮೆರಿಕ ಸರ್ಕಾರದ ಹಣದಿಂದ ನಡೆಯುತ್ತಿದ್ದ ಡಿ.ಎಚ್.ಎಸ್. ಯೋಜನೆಯವರಿಗೆ ಅರ್ಜಿ ಹಾಕುವುದು ರೂಢಿಯಾಗಿದ್ದಿತು. 2025ರಲ್ಲಿ ಆ ಸರ್ಕಾರವು ಪರದೇಶಗಳ ನೆರವನ್ನು ತಡೆಹಿಡಿಯಲು, ಹೊಸ ಅರ್ಜಿಗಳ ವಿಲೇವಾರಿಯೂ ಕೆಲಕಾಲ ನಿಂತಿತು. ರಕ್ತ ಕೊಟ್ಟವರು ನಾವು. ಅಂಕಿಗಾಗಿ ಕಾದು ನಿಂತವರೂ ನಾವೇ!

ಸಮೀಕ್ಷೆಯನ್ನು ನಡೆಸುವುದು ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ನಡೆಸಿಸುವುದು ಕೇಂದ್ರದ ಆರೋಗ್ಯ ಮಂತ್ರಾಲಯ. ಹೆಸರು ವಿಳಾಸಗಳನ್ನು ತೆಗೆದ ಅಂಕಿಗಳ ಪ್ರತಿಯೊಂದನ್ನು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿರಿಸಲು ಮಂತ್ರಾಲಯದವರಿಗೆ ಏನಡ್ಡಿ? ಬೀರುವಿಗೆ ಬೀಗವಿಕ್ಕಿ ಕೀಲಿ ಮರೆಯುವ ಗ್ರಂಥಾಲಯಗಳೂ ಉಂಟೆಂಬುದನ್ನು ನಾವು ಬಲ್ಲೆವು. ಆದುದರಿಂದ ಪ್ರತಿಯೊಡನೆ, ಅಂಕಿಗಳ ಸಂಕೇತವನ್ನು ಬಿಡಿಸಿ ಹೇಳಬಲ್ಲ ಒಬ್ಬ ಗ್ರಂಥಪಾಲಕರನ್ನೂ ನಿಯಮಿಸಬೇಕೆಂದು, ಅವರ ಸೇವೆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೂ ದೊರೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ.