ಹೊಗೆಯ ಹೊಣೆ ಅಡುಗೆಮನೆಯದಲ್ಲ

ಪೆಲೆಟ್ ಒಲೆಯಿಂದ ಹೊಗೆ ಎದ್ದರೆ, ಅದರ ಮೈ ಮುಟ್ಟಲಾರದಷ್ಟು ಕಾದರೆ, ಮಾರಿದವರ ಬಾಯಲ್ಲಿ ಸಿದ್ಧ ಉತ್ತರವೊಂದಿರುತ್ತದೆ: "ನಿಮ್ಮ ಹೆಂಗಸರಿಗೆ ಬಳಸಲು ಬರುವುದಿಲ್ಲ." ಆರು ತಿಂಗಳ ಮಳೆಯಲ್ಲಿ ಹಸಿ ಸೌದೆಯನ್ನೂ ಉರಿಸಿ ಮನೆಮಂದಿಗೆ ಬಡಿಸಿದ ಕೈಗಳಿಗೆ ಬೆಂಕಿಯ ಪಾಠ ಹೇಳುವ ಈ ಅಹಂಕಾರವನ್ನು ಒಪ್ಪಲಾಗದು. ಹೊಗೆಯೆಂಬುದು ಒಲೆ ಸಲ್ಲಿಸುವ ದೂರು. ಅದು ಯಾರ ಮೇಲಿನ ದೂರು ಎಂಬುದನ್ನು ನಾವೇ ಓದಿ ತಿಳಿಯೋಣ.

ಈ ಒಲೆಯಲ್ಲಿ ಪೆಲೆಟ್ಟುಗಳನ್ನು ತುಂಬಿ ಮೇಲಿನಿಂದ ಬೆಂಕಿ ಹಚ್ಚುತ್ತಾರೆ. ಪುಟ್ಟ ಫ್ಯಾನು ಊದುವ ಗಾಳಿಯಲ್ಲಿ ಒಂದು ಪಾಲು ಕೆಳಗಿನ ಜಾಲರಿಯ ಮೂಲಕ ಹೋಗಿ ಇಂಧನವನ್ನು ಅನಿಲವಾಗಿಸುತ್ತದೆ. ಇನ್ನೊಂದು ಪಾಲು ಮೇಲಿನ ರಂಧ್ರಗಳಿಂದ ಬಂದು ಆ ಅನಿಲವನ್ನು ಉರಿಸುತ್ತದೆ. ಅನಿಲ ಉರಿಯದೆ ತಪ್ಪಿಸಿಕೊಂಡರೆ ಅದೇ ಕಣ್ಣುರಿಸುವ ಬಿಳಿ ಹೊಗೆ.

ಬಿಳಿ ಹೊಗೆಗೆ ಕಾರಣಗಳು ಹಲವು. ಪೆಲೆಟ್ಟು ತೇವ ಹೀರಿ ಹುಡಿಯಾಗಿರಬಹುದು. ಫ್ಯಾನು ನಿಂತಿರಬಹುದು. ಕೆಂಡದ ಮೇಲೆ ಒಮ್ಮೆಲೇ ಹೊಸ ಪೆಲೆಟ್ಟು ಸುರಿದಿರಬಹುದು. ಹೊಗೆ ಕಪ್ಪಾಗಿದ್ದರೆ ಉರಿಗೆ ಗಾಳಿ ಸಾಲುತ್ತಿಲ್ಲ. ರಂಧ್ರಗಳು ಕಟ್ಟಿವೆಯೇ, ಪಾತ್ರೆ ಒಲೆಯ ಬಾಯನ್ನು ಪೂರ್ತಿ ಮುಚ್ಚಿದೆಯೇ ನೋಡಬೇಕು. ಕೃಷಿತ್ಯಾಜ್ಯದ ಪೆಲೆಟ್ಟಿನಲ್ಲಿ ಸೌದೆಗಿಂತ ಬೂದಿ ಹೆಚ್ಚು. ಅದು ಕರಗಿ ಗಟ್ಟಿಯಾಗಿ ಜಾಲರಿಯನ್ನು ಕಟ್ಟುತ್ತದೆ. ಜ್ವಾಲೆ ಇಳಿದು ಬರೀ ಕೆಂಡ ಉಳಿದಾಗಲೂ ಫ್ಯಾನು ಜೋರಾಗಿಯೇ ಓಡುತ್ತಿದ್ದರೆ ಜಾಲರಿ ಕೆಂಪಗೆ ಕಾಯುತ್ತದೆ. ಒಳಗಿನ ಸೆರಾಮಿಕ್ ಪದರ ಬಿರುಕುಬಿಟ್ಟಿದ್ದರೆ ಕಾವು ಹೊರಮೈಗೆ ಬರುತ್ತದೆ. ಅಂಥ ಒಲೆಗೆ ನೀರು ಸುರಿಯಕೂಡದು. ಕೆಂಡದ ಹೊತ್ತಿನಲ್ಲಿ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಹೊಮ್ಮುತ್ತಿರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಲೆ ಇಟ್ಟು ಮಲಗುವುದು ಪ್ರಾಣಾಪಾಯ.

ಬೂದಿ ತೆಗೆಯುವುದು, ಫ್ಯಾನಿನ ವೇಗ ಇಳಿಸುವುದು, ಪೆಲೆಟ್ಟನ್ನು ಮುಚ್ಚಿದ ಡಬ್ಬಿಯಲ್ಲಿಡುವುದು ಮನೆಯವರ ಕೈಯಲ್ಲಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಬ್ಯಾಟರಿಗೆ ಚಾರ್ಜು ತುಂಬುವುದು ಯಾರ ಕೈಯಲ್ಲಿದೆ? ಬಿರುಕುಬಿಟ್ಟ ಸೆರಾಮಿಕ್, ಸುಟ್ಟ ಜಾಲರಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಪೆಲೆಟ್ಟು ಮುಗಿದಾಗ ಕಡ್ಡಿ, ಚಿಪ್ಪು ತುರುಕಿದವಳನ್ನು ಬೈಯುವ ಮುನ್ನ, ಪೆಲೆಟ್ಟು ಏಕೆ ಬರಲಿಲ್ಲ ಎಂದು ಕೇಳಬೇಡವೇ?

ಈ ಪ್ರಶ್ನೆ ಕಾಲ್ಪನಿಕವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದ 'ಊರ್ಜಾ' ಪೆಲೆಟ್ ಒಲೆಯನ್ನು ಬಿಪಿ ಕಂಪನಿ 2006ರಲ್ಲಿ ಮಾರುಕಟ್ಟೆಗೆ ತಂದಿತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. 2009ರಲ್ಲಿ ವ್ಯವಹಾರ ಫಸ್ಟ್ ಎನರ್ಜಿ ಎಂಬ ಕಂಪನಿಗೆ ಹೋಯಿತು. ಕೃಷಿತ್ಯಾಜ್ಯದ ಬೆಲೆ ಏರಿ ಪೆಲೆಟ್ಟು ತುಟ್ಟಿಯಾಯಿತು. ವ್ಯಾಪಾರ ಹೋಟೆಲು, ಕ್ಯಾಂಟೀನುಗಳತ್ತ ಹೊರಳಿತು. ಒಲೆ ಕೊಂಡ ಮನೆಗಳ ಪಾಲಿಗೆ ಉಳಿದದ್ದು ಇಂಧನವಿಲ್ಲದ ಡಬ್ಬಿ. ವಿಜ್ಞಾನ ಸೋಲಲಿಲ್ಲ, ಇಂಧನವನ್ನು ದೂರದ ಕಾರ್ಖಾನೆಯ ಬೆಲೆಪಟ್ಟಿಗೆ ಕಟ್ಟಿಹಾಕಿದ ವ್ಯವಸ್ಥೆ ಸೋತಿತು.

ಸರ್ಕಾರವೂ ಇದೇ ಹಾದಿ ತುಳಿದಿದೆ. 1983ರಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 3 ಕೋಟಿಗೂ ಹೆಚ್ಚು ಒಲೆಗಳ ಲೆಕ್ಕ ಬರೆದು 2002ರಲ್ಲಿ ನಿಂತಿತು. ಎಷ್ಟು ಒಲೆ ಹಂಚಿದೆವು ಎಂಬುದಕ್ಕೆ ಕಡತವಿತ್ತು. ಎಷ್ಟು ಉರಿಯುತ್ತಿವೆ ಎಂಬುದು ಯಾರಿಗೂ ಮುಖ್ಯವಾಗಲಿಲ್ಲ. ಅದೇ ಕಾಲದ ಅಸ್ತ್ರ ಒಲೆ ಮಣ್ಣಿನದು. ಬಿರುಕು ಬಿಟ್ಟರೆ ಊರಿನ ಮಣ್ಣೇ ಮದ್ದು, ಚಿಮಣಿ ಕಟ್ಟಿದರೆ ಮನೆಯವರೇ ಗುಡಿಸಬಹುದು. ನಮ್ಮ ಅಳತೆಗೋಲು ಅದಾಗಬೇಕು.

ಮೂರು ಕಲ್ಲಿನ ಒಲೆಗೆ ಮರಳಿರೆಂದು ನಾವು ಹೇಳುತ್ತಿಲ್ಲ. ಆ ಹೊಗೆ ತಾಯಂದಿರ ಪುಪ್ಪುಸವನ್ನು ತಿಂದಿದೆ. ನಮ್ಮ ಬೇಡಿಕೆ ಸರಳ: ಇಂಧನದ ಭರವಸೆಯಿಲ್ಲದ ಒಲೆ ಊರಿಗೆ ಬೇಡ, ಬಿಡಿಭಾಗ ಹೋಬಳಿಯಲ್ಲೇ ಸಿಗಬೇಕು, ದುರಸ್ತಿ ಕಲಿತವರು ಊರಲ್ಲೇ ಇರಬೇಕು, ಒಂದು ಪೂರ್ತಿ ಮಳೆಗಾಲ ನಮ್ಮ ಅಡುಗೆಮನೆಯಲ್ಲಿ ಉರಿದು ತೋರಿಸಿದ ಬಳಿಕವೇ ಹಣ ಕೊಡಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿನಲ್ಲಿ ಹಂಚಿದ ಒಲೆಗಳಲ್ಲಿ ಎಷ್ಟು ಇಂದು ಉರಿಯುತ್ತಿವೆ, ನಿಂತವು ಏಕೆ ನಿಂತವು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿರಿ. ಮುಂದಿನ ಒಲೆ ಮಾರಲು ಬಂದವರು ಮೊದಲು ಅದಕ್ಕೆ ಉತ್ತರ ಹೇಳಲಿ.