ಅಡ್ವಾನ್ಸ್ ಹಣದ ಬಡ್ಡಿ ಬಾಡಿಗೆದಾರರಿಗೆ ಸಲ್ಲಲಿ

ಗೆ,
ಮಾನ್ಯ ಅಧ್ಯಕ್ಷರು,
ಅರ್ಜಿಗಳ ಸಮಿತಿ, ಕರ್ನಾಟಕ ವಿಧಾನಸಭೆ,
ವಿಧಾನಸೌಧ, ಬೆಂಗಳೂರು.

ವಿಷಯ: ಬಾಡಿಗೆ ಮನೆಯ ಮುಂಗಡ ಠೇವಣಿಗೆ ಬಡ್ಡಿ ಕೊಡಿಸುವಂತೆ ಕೋರಿ ಮನವಿ.

ಮಾನ್ಯರೇ,

‘ಸದರಿ ಮುಂಗಡ ಹಣಕ್ಕೆ ಯಾವುದೇ ಬಡ್ಡಿ ಇರುವುದಿಲ್ಲ.’ ಬೆಂಗಳೂರಿನಲ್ಲಿ ಬಾಡಿಗೆ ಕರಾರು ಬರೆಸಿದವರಿಗೆಲ್ಲ ಈ ಸಾಲು ಗೊತ್ತು. ಟೈಪ್ ಮಾಡುವವರು ಯಾರನ್ನೂ ಕೇಳದೆ ಸೇರಿಸುತ್ತಾರೆ, ಮನೆ ಸಿಕ್ಕರೆ ಸಾಕೆಂದು ಬಾಡಿಗೆದಾರರು ಸಹಿ ಹಾಕುತ್ತಾರೆ.

ಹತ್ತು ತಿಂಗಳ ಅಡ್ವಾನ್ಸ್ ಈ ಊರಿನ ಹಳೆಯ ರೂಢಿ. ಬಾಡಿಗೆ 15,000 ರೂಪಾಯಿಯಾದರೆ ಅಡ್ವಾನ್ಸ್ ಒಂದೂವರೆ ಲಕ್ಷ. ಅದನ್ನು ಹೊಂದಿಸಲು ಮನೆಯಾಕೆಯ ಬಳೆ ಗಿರವಿಗೆ ಹೋಗುತ್ತವೆ, ಆ ಸಾಲಕ್ಕೆ ಬಡ್ಡಿ ತಪ್ಪದೆ ಕಟ್ಟಬೇಕು. ಓನರ್ ಕೈಗೆ ಕೊಟ್ಟ ಹಣ ಮಾತ್ರ ಐದು ವರ್ಷ ಕಳೆದರೂ ಒಂದು ರೂಪಾಯಿ ಬೆಳೆಯದು. ಶೇ 6ರ ಸರಳ ಬಡ್ಡಿಯಾದರೂ 45,000 ರೂಪಾಯಿ ಆಗುತ್ತಿತ್ತು, ಅಂದರೆ ಮೂರು ತಿಂಗಳ ಬಾಡಿಗೆ. ಮನೆ ಬಿಡುವ ದಿನ ಪೇಂಟಿಂಗ್ ಎಂದು ಒಂದು ತಿಂಗಳದ್ದನ್ನು ಮುರಿದುಕೊಳ್ಳುವುದು ಬೇರೆ.

ಅದೇ ಮನೆಯ ಗೋಡೆಯ ಮೇಲೆ ವಿದ್ಯುತ್ ಮೀಟರ್ ಇದೆ. ಅದಕ್ಕೆ ಕಟ್ಟಿದ ಠೇವಣಿಗೆ ಬ್ಯಾಂಕ್ ದರಕ್ಕೆ ಕಡಿಮೆಯಿಲ್ಲದ ಬಡ್ಡಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 47ನೇ ಕಲಂ ಹೇಳುತ್ತದೆ, ಬೆಸ್ಕಾಂ ಆ ಮೊತ್ತವನ್ನು ಬಿಲ್ಲಿನಲ್ಲೇ ವಜಾ ಮಾಡುತ್ತದೆ. ಮೀಟರಿನ ಕೆಲವು ಸಾವಿರಕ್ಕೆ ಸಲ್ಲುವ ನ್ಯಾಯ ಮನೆಯ ಲಕ್ಷಕ್ಕೆ ಏಕೆ ಸಲ್ಲಬಾರದು?

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದು ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಒಂದು ಕೋಣೆಯೂ ಸಿಗುವುದು ಕಷ್ಟ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಠೇವಣಿಗೆ ಎರಡು ತಿಂಗಳ ಮಿತಿ ಹಾಕಿದೆ, ಆದರೆ ರಾಜ್ಯ ಕಾನೂನು ಮಾಡದೆ ಅದು ಇಲ್ಲಿ ಜಾರಿಗೆ ಬರದು. ಜರ್ಮನಿಯಲ್ಲಿ ಮಿತಿ ಮೂರು ತಿಂಗಳು. ಮಾಲೀಕರು ಆ ಹಣವನ್ನು ತಮ್ಮ ಹಣದೊಂದಿಗೆ ಬೆರೆಸದೆ ಬ್ಯಾಂಕಿನಲ್ಲಿಡಬೇಕು, ಬಡ್ಡಿ ಬಾಡಿಗೆದಾರರದು.

ಒಂದೇ ಮನೆಯ ಬಾಡಿಗೆಯಲ್ಲಿ ಬದುಕುವ ನಿವೃತ್ತರೂ ಓನರ್‌ಗಳಲ್ಲಿದ್ದಾರೆ. ಒಡೆದ ಕಿಟಕಿಗೆ, ಉಳಿಸಿ ಹೋದ ಬಾಕಿಗೆ ಅವರಿಗೆ ಭದ್ರತೆ ಬೇಕೇ ಬೇಕು. ಬಡ್ಡಿ ಕೊಟ್ಟರೆ ಆ ಭದ್ರತೆ ಕರಗುವುದಿಲ್ಲ.

ಆದ್ದರಿಂದ ಠೇವಣಿಗೆ ಎರಡು ತಿಂಗಳ ಮಿತಿ ಹಾಕಿ, ಇಬ್ಬರ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಅದನ್ನು ಇಡಿಸಿ, ಬಡ್ಡಿಯನ್ನು ವರ್ಷಕ್ಕೊಮ್ಮೆ ಬಾಡಿಗೆಯಲ್ಲಿ ವಜಾ ಮಾಡಲು ಕಾಯ್ದೆಗೆ ತಿದ್ದುಪಡಿ ತರುವಂತೆ ಸಮಿತಿಯು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ರಸೀದಿಯಿಲ್ಲದೆ ಏನನ್ನೂ ಮುರಿದುಕೊಳ್ಳುವಂತಿರಬಾರದು. ‘ಬಡ್ಡಿ ಇರುವುದಿಲ್ಲ’ ಎಂಬ ಷರತ್ತು, ಸಹಿ ಬಿದ್ದಿದ್ದರೂ, ಊರ್ಜಿತವಾಗಬಾರದು.

ಇಂತಿ,
ಬೆಂಗಳೂರಿನ ಬಾಡಿಗೆದಾರರು