ಪ್ರಯೋಗಾಲಯದ ಬಾಗಿಲು ಜೂನ್‌ನಲ್ಲೇ ತೆರೆಯಲಿ

ನಮ್ಮ ಖಾಸಗಿ ವಸತಿ ಪಿಯು ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳು ಎರಡು ವರ್ಷಗಳಲ್ಲಿ ಸಾವಿರಾರು ಪ್ರಶ್ನೆಗಳಿಗೆ ಉತ್ತರ ಗುರುತಿಸುತ್ತಾರೆ. ಅದೇ ಎರಡು ವರ್ಷಗಳಲ್ಲಿ ಅವರು ಬ್ಯೂರೆಟ್ ಕೈಗೆತ್ತಿಕೊಳ್ಳುವುದು ಎಷ್ಟು ಸಲ? ಎಷ್ಟೋ ಕಡೆ ಆ ಅವಕಾಶ ಬರುವುದು ದ್ವಿತೀಯ ಪಿಯು ಪ್ರಾಕ್ಟಿಕಲ್ ಪರೀಕ್ಷೆಗೆ ಕೆಲವೇ ವಾರ ಉಳಿದಾಗ. ಅಲ್ಲಿಯವರೆಗೆ ಬೀಗ ಹಾಕಿದ್ದ ಕೋಣೆಯ ದೂಳು ಕೊಡವಿ, ವರ್ಷವಿಡೀ ಮಾಡಬೇಕಿದ್ದ ಪ್ರಯೋಗಗಳನ್ನು ಹತ್ತಾರು ದಿನಗಳಲ್ಲಿ ಮುಗಿಸುತ್ತಾರೆ. ರೆಕಾರ್ಡ್ ಪುಸ್ತಕಕ್ಕೆ ರೀಡಿಂಗುಗಳು ಸ್ನೇಹಿತರ ಪುಸ್ತಕದಿಂದ ಬರುತ್ತವೆ.

ನಾನು ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮೊದಲು ಮಲೆನಾಡಿನ ಒಂದು ಅನುದಾನಿತ ಕಾಲೇಜಿನಲ್ಲಿ, ಆಮೇಲೆ ಕರಾವಳಿಯ ಒಂದು ವಸತಿ ಕಾಲೇಜಿನಲ್ಲಿ ಪಾಠ ಮಾಡಿದೆ. ಎರಡೂ ಕಡೆ ಪಠ್ಯ ಒಂದೇ, ಬೋರ್ಡ್ ಪರೀಕ್ಷೆ ಒಂದೇ. ಮಕ್ಕಳ ದಿನ ಮಾತ್ರ ಬೇರೆ ಬೇರೆ. ಆ ದಿನದಲ್ಲಿ ಪ್ರಯೋಗಾಲಯಕ್ಕೆ ಜಾಗ ಇತ್ತೇ ಇಲ್ಲವೇ ಎಂಬುದರ ಮೇಲೆ ಮಕ್ಕಳ ಕಲಿಕೆ ಮಾತ್ರವಲ್ಲ, ಅವರ ಬದುಕೂ ಬದಲಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಬರಹ.

ವಸತಿ ಕಾಲೇಜಿನ ದಿನ ಹೇಗಿರುತ್ತದೆ ಎಂದು ಹೊರಗಿನವರಿಗೆ ಪೂರ್ತಿ ತಿಳಿದಿರುವುದಿಲ್ಲ. ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಯುತ್ತದೆ. ಮುಖ ತೊಳೆದ ಕೂಡಲೇ ಸ್ಟಡಿ ಅವರ್. ತಿಂಡಿ ಮುಗಿಸಿ ಪಿಯು ತರಗತಿ, ಊಟವಾದ ಮೇಲೆ ನೀಟ್ ಅಥವಾ ಜೆಇಇ ತರಗತಿ, ಸಂಜೆ ಡೌಟ್ ಸೆಷನ್, ರಾತ್ರಿ ಹತ್ತರವರೆಗೆ ಮತ್ತೆ ಓದು. ವಾರದ ಕೊನೆಯಲ್ಲಿ ಓಎಂಆರ್ ಹಾಳೆಯ ಮೇಲೆ ಟೆಸ್ಟ್. ಮರುದಿನ ನೋಟಿಸ್ ಬೋರ್ಡಿನಲ್ಲಿ ರ್‍ಯಾಂಕ್ ಪಟ್ಟಿ. ಅಂಕ ಇಳಿದರೆ ಸೆಕ್ಷನ್ ಬದಲು. ನಿನ್ನೆ ಪಕ್ಕದಲ್ಲಿ ಕೂತಿದ್ದ ಗೆಳತಿ ಇಂದು ಬೇರೆ ಕೋಣೆಯಲ್ಲಿ. ಮನೆಗೆ ಫೋನ್ ಮಾಡಲು ಭಾನುವಾರ ಸಾಲಿನಲ್ಲಿ ನಿಲ್ಲಬೇಕು. ಹದಿನಾರು ಹದಿನೇಳರ ಹರೆಯದ ಮಕ್ಕಳು ಎಚ್ಚರವಿರುವ ಹೊತ್ತಿನ ಬಹುಪಾಲನ್ನು ಬೆಂಚಿನ ಮೇಲೆ ಕೂತೇ ಕಳೆಯುತ್ತಾರೆ.

ಇಂಥ ವೇಳಾಪಟ್ಟಿಯಲ್ಲಿ ಲ್ಯಾಬ್ ಮೊದಲು ಬಲಿಯಾಗಲು ಕಾರಣಗಳಿವೆ. ಲ್ಯಾಬ್‌ಗೆ ಬೆನ್ನುಬೆನ್ನಿಗೆ ಎರಡು ಪೀರಿಯಡ್ ಬೇಕು. ಅರವತ್ತು ಮಕ್ಕಳ ತರಗತಿಯನ್ನು ಬ್ಯಾಚ್‌ಗಳಾಗಿ ಒಡೆಯಬೇಕು, ಹಾಗಾಗಿ ಉಪನ್ಯಾಸಕರು ಹೆಚ್ಚು ಬೇಕು, ದ್ರಾವಣ ತಯಾರಿಸುವ ಅಟೆಂಡರ್ ಬೇಕು. ಆಸಿಡ್ ಚೆಲ್ಲಿದರೆ, ಗಾಜು ಒಡೆದರೆ ಜವಾಬ್ದಾರಿ ಹೊರಬೇಕು. ಇಷ್ಟೆಲ್ಲ ಮಾಡಿದರೂ ಅದರ ಫಲ ಊರ ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿ ಕಾಣುವುದಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ವಿಜ್ಞಾನ ವಿಷಯಗಳಿಗೆ ತಲಾ 70 ಅಂಕ ಥಿಯರಿಗೆ, 30 ಅಂಕ ಪ್ರಾಕ್ಟಿಕಲ್‌ಗೆ. ಮೂವತ್ತಕ್ಕೆ ಮೂವತ್ತು ಹೇಗೂ ಬರುತ್ತದೆ ಎಂಬ ನಂಬಿಕೆ ಆಡಳಿತ ಮಂಡಳಿಗೂ ಇದೆ, ಪೋಷಕರಿಗೂ ಇದೆ. ಕಲಿಯದಿದ್ದರೂ ಅಂಕ ಸಿಗುತ್ತದೆ ಎಂದ ಮೇಲೆ ಕಲಿಸುವ ಖರ್ಚನ್ನು ಯಾರು ಹೊರುತ್ತಾರೆ?

ಇದು ಒಂದೇ ದಿನದಲ್ಲಿ ಆದದ್ದಲ್ಲ. 1994ರಲ್ಲಿ ಸಿಇಟಿ ಬಂದಾಗ ವೃತ್ತಿಶಿಕ್ಷಣದ ಸೀಟು ಹಂಚಿಕೆಗೆ ಒಂದು ಪಾರದರ್ಶಕ ದಾರಿ ಸಿಕ್ಕಿತು. ಹಳ್ಳಿಯ ಎಷ್ಟೋ ಮಕ್ಕಳು ಶಿಫಾರಸು, ಡೊನೇಷನ್ ಇಲ್ಲದೆ ಎಂಜಿನಿಯರ್, ಡಾಕ್ಟರ್ ಆದರು. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಪಿಯು ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ ಇರುವುದರಿಂದ ಕಾಲೇಜಿನ ಓದಿಗೂ ಬೆಲೆ ಉಳಿದಿದೆ. ವೈದ್ಯಕೀಯ ಸೀಟು ನೀಟ್ ಕೈಗೆ ಹೋದ ಮೇಲೆ ಲೆಕ್ಕ ಬದಲಾಯಿತು. ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ಶೇ 50 ಅಂಕ ಬಂದರೆ ಅರ್ಹತೆ ಮುಗಿಯಿತು. ರ್‍ಯಾಂಕ್ ನಿರ್ಧಾರವಾಗುವುದು 180 ಪ್ರಶ್ನೆಗಳ, 720 ಅಂಕಗಳ ಒಂದು ಮಧ್ಯಾಹ್ನದಲ್ಲಿ. ಆ ಮಧ್ಯಾಹ್ನಕ್ಕೆ ಕೆಲಸಕ್ಕೆ ಬಾರದ್ದೆಲ್ಲ ವೇಳಾಪಟ್ಟಿಯಿಂದ ಒಂದೊಂದಾಗಿ ಉದುರಿತು. ಆಟದ ಪೀರಿಯಡ್ ಹೋಯಿತು, ಲೈಬ್ರರಿ ಪೀರಿಯಡ್ ಹೋಯಿತು, ಲ್ಯಾಬ್ ಹೋಯಿತು.

ಪೋಷಕರನ್ನು ನಾನು ದೂರುವುದಿಲ್ಲ. ಸರ್ಕಾರಿ ಕೋಟಾದ ವೈದ್ಯಕೀಯ ಸೀಟಿಗೂ ಖಾಸಗಿ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದ ಅಂತರ ಎಷ್ಟೆಂದು ಅವರಿಗೆ ಗೊತ್ತು. ಅಡಿಕೆ ತೋಟದ ಮೇಲೆ ಸಾಲ ಎತ್ತಿ, ಪಿ.ಎಫ್. ಹಣ ತೆಗೆದು ಮಗಳನ್ನು ಹಾಸ್ಟೆಲ್ಲಿಗೆ ಬಿಟ್ಟುಹೋಗುವ ಅಪ್ಪನ ಭಯ ನಿಜವಾದದ್ದು. ಈ ಕಾಲೇಜುಗಳೂ ಒಳ್ಳೆಯದನ್ನು ಮಾಡಿವೆ. ಉತ್ತರ ಕರ್ನಾಟಕದ ಸಣ್ಣ ಊರುಗಳ ಹೆಣ್ಣುಮಕ್ಕಳಿಗೆ ಸುರಕ್ಷಿತ ಹಾಸ್ಟೆಲ್, ಹೊತ್ತಿಗೆ ಸರಿಯಾದ ಊಟ, ಕೇಳಿದಾಗ ಸಿಗುವ ಮೇಷ್ಟ್ರು ದೊರೆತದ್ದು ಇಲ್ಲಿಯೇ. ಬಡ ಪ್ರತಿಭಾವಂತರಿಗೆ ಶುಲ್ಕವಿಲ್ಲದೆ ಓದಿಸಿದ ಸಂಸ್ಥೆಗಳಿವೆ. ಸೀಟು ಗೆಲ್ಲಲು ನೆರವಾಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಸೀಟು ಗೆದ್ದ ಮಗುವಿಗೆ ಮುಂದಿನ ಓದಿಗೆ ಬೇಕಾದ ಕೈ ಮತ್ತು ಕಣ್ಣು ಇರಬೇಕು. ಅದನ್ನು ಕೊಡದ ಸಿದ್ಧತೆ ಅರೆಬರೆ ಸಿದ್ಧತೆ.

ಕೈ, ಕಣ್ಣು ಎಂದದ್ದು ಏಕೆಂದು ಒಂದು ಪ್ರಯೋಗದಿಂದಲೇ ಹೇಳುತ್ತೇನೆ. ದ್ವಿತೀಯ ಪಿಯುನಲ್ಲಿ ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿಸುವ ಟೈಟ್ರೇಷನ್ ಇದೆ. ಕೋನಿಕಲ್ ಫ್ಲಾಸ್ಕ್‌ಗೆ ಪಿಪೆಟ್‌ನಿಂದ ಆಮ್ಲ ಹಾಕಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿ, ಮೇಲಿನಿಂದ ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಒಮ್ಮೆ ರಾಯಚೂರು ಕಡೆಯ ಹುಡುಗಿಯೊಬ್ಬಳು ಫ್ಲಾಸ್ಕ್ ಅಲ್ಲಾಡಿಸುತ್ತಾ ನಿಂತವಳು ನನ್ನನ್ನು ಕರೆದಳು. "ಮೇಡಂ, ಮೊದಲ್ನೇ ಹನಿ ಬಣ್ಣ ಹೋಗಾಕ ಇಷ್ಟ್ಯಾಕ ಹೊತ್ತು ಹಿಡೀತ್ರಿ? ಆಮ್ಯಾಲಿನವು ಬಿದ್ದ ಕೂಡ್ಲೇ ಹೋದ್ವಲ್ರಿ." ಕಾರಣ ಇದು: ಈ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಮೊದಲ ಹನಿ ಬೀಳುವಾಗ ಅವು ಇರುವುದಿಲ್ಲ, ಅದಕ್ಕೇ ಬಣ್ಣ ನಿಧಾನವಾಗಿ ಹೋಗುತ್ತದೆ. ನಾನು ವಿವರಿಸಿದಾಗ ಅವಳೆಂದಳು, "ಇದನ್ನ ಟೆಸ್ಟಿನಾಗ ನಾ ಟಿಕ್ ಮಾಡೀನಲ್ರೀ!" ಹೌದು, ಸ್ವಯಂ ವೇಗವರ್ಧನೆಯ ಪ್ರಶ್ನೆಗೆ ಅವಳು ಸರಿಯುತ್ತರ ಕೊಟ್ಟಿದ್ದಳು. ನಾಲ್ಕು ಅಂಕ ಬಂದಿತ್ತು. ಆದರೆ ಆ ಉತ್ತರ ಯಾವುದರ ಉತ್ತರ ಎಂದು ಅವಳಿಗೆ ತಿಳಿದದ್ದು ಆ ಮಧ್ಯಾಹ್ನ. ಆಮೇಲೆ ಅವಳ ಪ್ರಶ್ನೆಗಳು ನಿಲ್ಲಲಿಲ್ಲ. ಬಿಸಿ ಮಾಡದಿದ್ದರೆ ಏನಾಗುತ್ತದೆ, ಮೋರ್ಸ್ ಸಾಲ್ಟ್‌ಗೆ ಏಕೆ ಬಿಸಿ ಬೇಡ, ಬ್ಯೂರೆಟ್ಟಿನಲ್ಲಿ ಬೇರೆ ದ್ರಾವಣಕ್ಕೆ ಕೆಳಗಿನ ಅಂಚು ನೋಡುವ ನಾವು ಇದಕ್ಕೆ ಮಾತ್ರ ಏಕೆ ಮೇಲಿನ ಅಂಚು ನೋಡುತ್ತೇವೆ. ಕಪ್ಪು ಹಲಗೆಯ ಮುಂದೆ ಈ ಪ್ರಶ್ನೆಗಳು ಹುಟ್ಟುವುದನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನೊಂದು ಸಂಗತಿಯೂ ಇದೆ. ಸಾಲ್ಟ್ ಅನಾಲಿಸಿಸ್ ಮಾಡಲು ಕೊಡುವುದು ಹೆಸರಿಲ್ಲದ ಚಿಟಿಕೆ ಬಿಳಿ ಪುಡಿ. ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಕಾಯಿಸಿದಾಗ ಅಮೋನಿಯಾದ ಘಾಟು ಬಂತೇ, ಟೆಸ್ಟ್ ಟ್ಯೂಬ್‌ನಲ್ಲಿ ಕಂದು ಉಂಗುರ ಮೂಡಿತೇ, ಜ್ವಾಲೆ ಇಟ್ಟಿಗೆ ಕೆಂಪಾಯಿತೇ ಎಂದು ಒಂದೊಂದೇ ನೋಡುತ್ತಾ ಹೋಗಬೇಕು. ಊಹೆ ತಪ್ಪಿದರೆ ಇನ್ನೊಂದು ಟೆಸ್ಟ್ ಟ್ಯೂಬ್ ತೊಳೆದು ಮತ್ತೆ ಶುರು ಮಾಡಬೇಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಲ್ಯಾಬ್‌ನಲ್ಲಿ ತಪ್ಪು ಎಂದರೆ ಇನ್ನೊಂದು ಸಲ ನೋಡು ಎಂದಷ್ಟೇ ಅರ್ಥ. ದಿನವಿಡೀ ತಪ್ಪಿಗೆ ಹೆದರಿ ಬದುಕುವ ಮಗುವಿಗೆ ಆ ಎರಡು ಗಂಟೆ ಎಷ್ಟು ದೊಡ್ಡ ಬಿಡುವು ಎಂಬುದನ್ನು ಅವರ ಮುಖ ನೋಡಿದವರು ಬಲ್ಲರು. ಅಲ್ಲಿ ಮಕ್ಕಳು ನಿಂತಿರುತ್ತಾರೆ, ಓಡಾಡುತ್ತಾರೆ, ಪರಸ್ಪರ ಮಾತಾಡುತ್ತಾರೆ. ಟಾಪ್ ಬ್ಯಾಚಿನ ಹುಡುಗನಿಗೆ ಪಿಪೆಟ್ ಹಿಡಿಯಲು ಬಾರದೆ, ಪಟ್ಟಿಯ ಕೆಳಗಿರುವ ಹುಡುಗ ತೋರಿಸಿಕೊಡುತ್ತಾನೆ. ರ್‍ಯಾಂಕ್ ಪಟ್ಟಿ ನಿತ್ಯ ಒಡೆಯುವ ಗೆಳೆತನವನ್ನು ಲ್ಯಾಬಿನ ಟೇಬಲ್ ಮತ್ತೆ ಕೂಡಿಸುತ್ತದೆ. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ವರ್ಷಕ್ಕೊಮ್ಮೆ ಉಪನ್ಯಾಸ ಏರ್ಪಡಿಸುವ ಕಾಲೇಜುಗಳು ವಾರಕ್ಕೆ ಎರಡು ಗಂಟೆ ಲ್ಯಾಬ್ ತೆರೆದರೆ ಅದಕ್ಕಿಂತ ಹೆಚ್ಚು ಒಳಿತಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

"ಇದೆಲ್ಲ ಸರಿ ಮೇಡಂ, ಎಂಟ್ರೆನ್ಸ್‌ನಲ್ಲಿ ಇದನ್ನು ಯಾರು ಕೇಳುತ್ತಾರೆ?" ಎನ್ನುವವರು ಪಠ್ಯಕ್ರಮವನ್ನು ಇನ್ನೊಮ್ಮೆ ತೆರೆದು ನೋಡಲಿ. 2024ರಿಂದ ಜಾರಿಗೆ ಬಂದ ನೀಟ್ ಪಠ್ಯಕ್ರಮದಲ್ಲಿ ಭೌತಶಾಸ್ತ್ರದ ಕೊನೆಯ ಘಟಕವೇ ಪ್ರಾಯೋಗಿಕ ಕೌಶಲಗಳದ್ದು. ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂ ಗೇಜ್, ಮೀಟರ್ ಬ್ರಿಡ್ಜ್ ಎಲ್ಲವೂ ಅದರಲ್ಲಿವೆ. ರಸಾಯನಶಾಸ್ತ್ರದ ಕೊನೆಯ ಘಟಕ ಪ್ರಾಯೋಗಿಕ ರಸಾಯನಶಾಸ್ತ್ರದ ತತ್ವಗಳದ್ದು. ನಾನು ಮೇಲೆ ಹೇಳಿದ ಟೈಟ್ರೇಷನ್ ಅದರಲ್ಲಿ ಹೆಸರಿಸಿಯೇ ಇದೆ. ಆ ಘಟಕಗಳನ್ನೂ ನಮ್ಮ ಕಾಲೇಜುಗಳು ಪರದೆಯ ಮೇಲೆ ಚಿತ್ರ ತೋರಿಸಿ ಮುಗಿಸುತ್ತಿವೆ. ವರ್ನಿಯರ್ ಕೈಯಲ್ಲಿ ಹಿಡಿದು ಒಂದು ಸೀಸದ ಗುಂಡಿನ ವ್ಯಾಸ ಅಳೆದ ಮಗು ಲೀಸ್ಟ್ ಕೌಂಟ್ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಕೈಕೆಲಸವನ್ನು ನ್ಯಾಯವಾಗಿ ಅಳೆಯಲು ಆಗುವುದಿಲ್ಲ ಎಂಬ ಇನ್ನೊಂದು ವಾದವಿದೆ. ನಮ್ಮ ರಾಜ್ಯವೇ ಅದನ್ನು ಅಳೆಯುತ್ತಾ ಬಂದಿದೆ. ಬಿ.ಎಸ್ಸಿ. ಕೃಷಿಯಂಥ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳ ಕೋಟಾ ಬಯಸುವವರಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಬೆಳೆ, ಗೊಬ್ಬರ, ಉಪಕರಣಗಳನ್ನು ಕಣ್ಣಲ್ಲಿ ಕಂಡು ಗುರುತಿಸಬೇಕು. ಹೊಲದ ಅನುಭವ ಇರುವ ಮಗುವಿಗೆ ಅದರ ಬೆಲೆ ಸಿಗಲಿ ಎಂಬುದು ಅದರ ಉದ್ದೇಶ. ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಲಿಂಪಿಯಾಡ್‌ನಲ್ಲಿ 100ರಲ್ಲಿ 40 ಅಂಕ ಲ್ಯಾಬ್ ಕೆಲಸಕ್ಕೆ ಮೀಸಲು. ಅದಕ್ಕೆ ಭಾರತದ ತಂಡವನ್ನು ತಯಾರು ಮಾಡುವ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಮಕ್ಕಳಿಗೆ ಲ್ಯಾಬ್ ತರಬೇತಿ ಕೊಡುತ್ತದೆ. ಮನಸ್ಸು ಮಾಡಿದರೆ ಅಳೆಯಬಹುದು ಎನ್ನಲು ಇನ್ನೇನು ಬೇಕು?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಇಲಾಖೆಯ ಕೆಲಸ. ಪಿಯು ಕಾಲೇಜುಗಳ ಪ್ರಯೋಗಾಲಯ ತಪಾಸಣೆ ಪ್ರಾಕ್ಟಿಕಲ್ ಪರೀಕ್ಷೆಯ ಮುನ್ನ ನಡೆದರೆ ಸಾಲದು. ಆಗಸ್ಟ್‌ನಲ್ಲಿ, ಅಕ್ಟೋಬರ್‌ನಲ್ಲಿ, ಮುಂಚಿತವಾಗಿ ತಿಳಿಸದೆ ಬರಬೇಕು. ಬಂದವರು ಕಪಾಟಿನಲ್ಲಿ ಉಪಕರಣ ಇದೆಯೇ ಎಂದು ಎಣಿಸಿ ಹೋಗಬಾರದು. ಇಬ್ಬರು ಮಕ್ಕಳನ್ನು ಕರೆದು, "ಬ್ಯೂರೆಟ್ ತುಂಬಿಸಿ ತೋರಿಸಮ್ಮಾ" ಎನ್ನಬೇಕು. ಐದು ನಿಮಿಷದಲ್ಲಿ ಆ ಕಾಲೇಜಿನ ನಿಜಸ್ಥಿತಿ ತಿಳಿಯುತ್ತದೆ.

ಎರಡನೆಯದು ಪರೀಕ್ಷೆಯ ವಿಷಯ. ಪ್ರಾಕ್ಟಿಕಲ್‌ನ 30 ಅಂಕಗಳನ್ನು ದಾನದಂತೆ ಹಂಚುವುದು ನಿಲ್ಲಬೇಕು. ಹೊರಗಿನ ಪರೀಕ್ಷಕಿಯಾಗಿ ಹೋದಾಗ ಊಟೋಪಚಾರದ ಜೊತೆಗೇ "ಮಕ್ಕಳಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳಿ ಮೇಡಂ" ಎಂಬ ಮಾತು ಕೇಳಿದ್ದೇನೆ. ಮಾಡದ ಪ್ರಯೋಗಕ್ಕೆ ಪೂರ್ಣ ಅಂಕ ಕೊಡುವುದು ಮಕ್ಕಳಿಗೆ ಮಾಡುವ ಉಪಕಾರವಲ್ಲ. ಪ್ರಾಮಾಣಿಕವಾಗಿ ರೀಡಿಂಗ್ ತೆಗೆದು ಇಪ್ಪತ್ತೈದು ಪಡೆಯುವ ಸರ್ಕಾರಿ ಕಾಲೇಜಿನ ಮಗುವಿಗೆ ಅದರಿಂದ ನೇರ ಅನ್ಯಾಯವಾಗುತ್ತದೆ. ಜೊತೆಗೆ, ಸಿಇಟಿ ಪ್ರಶ್ನೆಪತ್ರಿಕೆಯಲ್ಲಿ ಪ್ರಯೋಗದ ರೀಡಿಂಗ್ ಕೊಟ್ಟು ಅದರಲ್ಲಿನ ದೋಷ ಹುಡುಕಿಸುವ ನಾಲ್ಕಾರು ಪ್ರಶ್ನೆಗಳು ಪ್ರತಿವರ್ಷ ಇರಲಿ. ಪತ್ರಿಕೆ ಕೇಳಿದ್ದನ್ನು ಕಾಲೇಜು ಕಲಿಸಿಯೇ ಕಲಿಸುತ್ತದೆ.

ಮೂರನೆಯದು ಪೋಷಕರ ಕೈಯಲ್ಲಿದೆ. ಬಲ ಹೆಚ್ಚಿರುವುದೂ ಅಲ್ಲಿಯೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನೀವು ಕಾಲೇಜು ಕಾಲೇಜು ಸುತ್ತುತ್ತೀರಿ. ಹಾಸ್ಟೆಲ್ ಕೋಣೆ ನೋಡುತ್ತೀರಿ, ಮೆಸ್‌ನ ಊಟ ರುಚಿ ನೋಡುತ್ತೀರಿ, ಕಳೆದ ವರ್ಷ ಎಷ್ಟು ಮೆಡಿಕಲ್ ಸೀಟು ಬಂತು ಎಂದು ಕೇಳುತ್ತೀರಿ. ಇನ್ನೆರಡು ಪ್ರಶ್ನೆ ಕೇಳಿ. ಒಂದು, ಪ್ರಥಮ ಪಿಯು ವೇಳಾಪಟ್ಟಿಯಲ್ಲಿ ವಾರಕ್ಕೆ ಎಷ್ಟು ಗಂಟೆ ಲ್ಯಾಬ್ ಇದೆ? ಎರಡು, ಕಳೆದ ವರ್ಷದ ಯಾವುದಾದರೂ ಮಗುವಿನ ರೆಕಾರ್ಡ್ ಪುಸ್ತಕ ತೋರಿಸುತ್ತೀರಾ? ಅದರಲ್ಲಿ ದಿನಾಂಕಗಳನ್ನು ನೋಡಿ. ಜುಲೈ, ಸೆಪ್ಟೆಂಬರ್, ನವೆಂಬರ್ ಎಂದು ಹರಡಿಕೊಂಡಿದ್ದರೆ ಅಲ್ಲಿ ವಿಜ್ಞಾನ ಕಲಿಸುತ್ತಾರೆ. ಎಲ್ಲ ದಿನಾಂಕಗಳೂ ಒಂದೇ ಶಾಯಿಯಲ್ಲಿ, ಪರೀಕ್ಷೆಗೆ ಮುನ್ನಿನ ಒಂದೇ ವಾರಕ್ಕೆ ಸೇರಿದ್ದರೆ ನಿಮ್ಮ ಲಕ್ಷಾಂತರ ರೂಪಾಯಿ ಶುಲ್ಕದಲ್ಲಿ ಒಂದು ಮುಖ್ಯ ಪಾಲು ಮಗುವಿಗೆ ತಲುಪುತ್ತಿಲ್ಲ. ಈ ಎರಡು ಪ್ರಶ್ನೆಗಳನ್ನು ನೂರು ಪೋಷಕರು ಕೇಳಿದ ವರ್ಷ ಯಾವ ಸರ್ಕಾರಿ ಸುತ್ತೋಲೆಯೂ ಮಾಡಲಾಗದ ಬದಲಾವಣೆ ಆಗುತ್ತದೆ. ಆಡಳಿತ ಮಂಡಳಿಗಳು ಪೋಷಕರ ಮಾತನ್ನು ಎಷ್ಟು ಬೇಗ ಕಿವಿಗೆ ಹಾಕಿಕೊಳ್ಳುತ್ತವೆ ಎಂಬುದನ್ನು ಒಳಗಿದ್ದು ನೋಡಿದ್ದೇನೆ.

ಪಿಯು ಎಂದರೆ ವಿಶ್ವವಿದ್ಯಾಲಯದ ಹೊಸ್ತಿಲು. ಮೆಡಿಕಲ್ ಸೇರಿದ ಮೊದಲ ವರ್ಷವೇ ಮಗು ಡಿಸೆಕ್ಷನ್ ಹಾಲ್‌ನಲ್ಲಿ, ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನಿಲ್ಲಬೇಕು. ಎಂಜಿನಿಯರಿಂಗ್‌ನಲ್ಲಿ ಮೊದಲ ಸೆಮಿಸ್ಟರಿಗೇ ಲ್ಯಾಬ್ ಕಾದಿರುತ್ತದೆ. ಸೀಟು ಸಿಗದ ಮಕ್ಕಳು ಬಿ.ಎಸ್ಸಿ., ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸುಗಳಿಗೆ ಹೋಗುತ್ತಾರೆ. ಸಂಖ್ಯೆಯಲ್ಲಿ ಅವರೇ ಹೆಚ್ಚು. ಅವರಿಗಂತೂ ಕೈಯೇ ಬಂಡವಾಳ. ರ್‍ಯಾಂಕ್ ಬಂದವರಿಗೂ ಬಾರದವರಿಗೂ ಸಮನಾಗಿ ಉಳಿಯುವ ವಿದ್ಯೆ ಈ ಎರಡು ವರ್ಷಗಳಲ್ಲಿ ಯಾವುದಾದರೂ ಇದ್ದರೆ ಅದು ಪ್ರಯೋಗಾಲಯದ್ದು. ಬರುವ ಜೂನ್‌ನಲ್ಲಿ ಕಾಲೇಜುಗಳು ಶುರುವಾದಾಗ, ಓಎಂಆರ್ ಹಾಳೆಯ ಮೊದಲ ಕಟ್ಟು ಬರುವ ವಾರವೇ ಲ್ಯಾಬ್‌ನ ಮೊದಲ ಬ್ಯಾಚ್ ಕೂಡ ಶುರುವಾಗಲಿ. ಪ್ರಾಂಶುಪಾಲರು ಅದನ್ನು ವೇಳಾಪಟ್ಟಿಯಲ್ಲಿ ಬರೆಯಲಿ, ಇಲಾಖೆ ಬಂದು ನೋಡಲಿ, ಪೋಷಕರು ಬಿಡದೆ ಕೇಳಲಿ.